ಮೂರು ನೀರಿನಲ್ಲಿ ತೊಳೆದ ಮೊಟ್ಟೆಗಳು

ಕಳೆದ ವರ್ಷ ಸಾಗರದ ಕಡೆ ಒಂದು ನಾಮಕರಣಕ್ಕೆ ಹೋದವನು, ಊಟ ಮುಗಿಸಿ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಗದ್ದೆಯ ಬದುವಿನ ಮೇಲೆ ನಾಲ್ಕು ಹೆಜ್ಜೆ ಹಾಕಿದೆ. ಭತ್ತ ಹೊಡೆ ತುಂಬಿ ನಿಂತ ಕಾಲ. ಆ ಹೊತ್ತಿನ ಗದ್ದೆಗೆ ಒಂದು ವಾಸನೆಯಿದೆ; ಹಾಲಿನದೂ ಅಲ್ಲ, ಹುಲ್ಲಿನದೂ ಅಲ್ಲ, ಎರಡರ ನಡುವಿನದು. ಅದು ಮೂಗಿಗೆ ಬಡಿದದ್ದೇ ತಡ, ಕಣ್ಣು ತಾನಾಗಿ ಎಲೆಗಳ ಅಡಿ ಹುಡುಕತೊಡಗಿತು. ಎಪ್ಪತ್ತು ದಾಟಿದೆ, ಪೊರೆ ತೆಗೆಸಿಕೊಂಡ ಕಣ್ಣು. ಆದರೂ ಚಾಳಿ ಬಿಡಲಿಲ್ಲ. ಏಳೆಂಟು ಬುಡ ನೋಡುವಷ್ಟರಲ್ಲಿ ಸಿಕ್ಕಿತು: ಎಲೆಗೆ ಅಂಟಿಕೊಂಡ, ಹತ್ತಿ ಮುದ್ದೆಯ ಹಾಗಿನ ಒಂದು ಬಿಳಿ ಉಂಡೆ. ನಮ್ಮ ಸೀಮೆಯಲ್ಲಿ ಎಲ್ಲರೂ ಅದನ್ನು ಹುಳದ ಮೊಟ್ಟೆ ಎಂದು ತಿಳಿದು ಹೊಸಕುತ್ತಾರೆ. ನಿಜಕ್ಕೂ ಅದು ಹುಳುವನ್ನು ಒಳಗಿನಿಂದಲೇ ತಿಂದು ಹೊರಬಂದ ಪುಟ್ಟ ಕಡಜದ ಮರಿಗಳು ಸಾಲಾಗಿ ಹೆಣೆದುಕೊಂಡ ತೊಟ್ಟಿಲುಗಳು. ಇದನ್ನು ನನಗೆ ಕಲಿಸಿದವರು ವಿಶಾಲಾಕ್ಷಿ ಮೇಡಂ. ಕಲಿಸಿದ್ದು ಎಂಬತ್ತರ ದಶಕದ ನಡುವಿನ ಒಂದು ವರ್ಷ, ಮಳೆ ಹಿಂದೆಗೆಯುವ ಹೊತ್ತಿನಿಂದ ಕೊಯ್ಲಿನ ತನಕದ ಒಂದು ಅವಧಿಯಲ್ಲಿ.

ನಮ್ಮದು ಸಾಗರದಲ್ಲಿ ಗಂಧದ ಕೆತ್ತನೆಯ ಮನೆತನ. ನಮ್ಮಜ್ಜ ಕೆತ್ತಿದ ಬಳ್ಳಿಯ ಎಲೆಯಲ್ಲಿ ನರಗಳನ್ನು ಎಣಿಸಬಹುದಿತ್ತು. ನಾನೂ ಮೀಸೆ ಮೂಡುವ ತನಕ ಉಳಿ ಹಿಡಿದವನೇ. ಗಂಧ ಸಿಗುವುದು ಕಷ್ಟವಾದ ಮೇಲೆ ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಟೆಂಡರ್ ಆಗಿ ಸೇರಿದೆ. ಕಪ್ಪೆ ತರುವುದು, ಜಿರಲೆ ಸಾಕುವುದು, ಗಾಜಿನ ಸಾಮಾನು ತೊಳೆಯುವುದು ನನ್ನ ಕೆಲಸ. ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಸಾಕಿದವಳು ಅಜ್ಜಿ, ಅಕ್ಕಿಯಿರಲಿ, ಸೊಪ್ಪಿರಲಿ, ಮೂರು ನೀರು ಕಾಣದೆ ಒಲೆ ಹತ್ತಕೂಡದು ಎನ್ನುತ್ತಿದ್ದವಳು. ಅವಳ ಮಾತಿನ ಜೊತೆಗೆ ಅವಳ ಮಡಿಯೂ ನನಗಂಟಿತ್ತು.

ವಿಶಾಲಾಕ್ಷಿ ಮೇಡಂ ಮೈಸೂರು ಕಡೆಯವರು, ಆಗ ಮೂವತ್ತರ ಆಸುಪಾಸು. ದಿನಕ್ಕೆ ನಾಲ್ಕು ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ಪಿಎಚ್.ಡಿ.ಗೆಂದು ಭತ್ತದ ಹುಳು ಮತ್ತು ಈ ಕಡಜಗಳನ್ನು ಸಾಕುತ್ತಿದ್ದರು. ಕಡಜವೆಂದರೆ ಮನೆಯ ಮಾಡಿನಲ್ಲಿ ಗೂಡು ಕಟ್ಟಿ ಕಚ್ಚುವ ಜಾತಿಯಲ್ಲ. ಎಳ್ಳಿಗಿಂತ ತುಸು ದೊಡ್ಡದು, ಕರ್ರಗೆ. ಮನುಷ್ಯರ ಗೊಡವೆಗೆ ಬಾರದ್ದು. ಹೆಣ್ಣು ಕಡಜ ಹುಳುವಿನ ಮೇಲೆ ಕೂತು ಕೊಂಡಿಯನ್ನು ಒಂದು ಸಲ ಊರಿ ತೆಗೆದರೆ ಆಯಿತು, ಹತ್ತಾರು ಮೊಟ್ಟೆ ಹುಳುವಿನ ಹೊಟ್ಟೆಯಲ್ಲಿ. ಹೊರಗಿನ ವಸ್ತು ಒಳಗೆ ಬಂದರೆ ಹುಳುವಿನ ರಕ್ತ ಸುಮ್ಮನಿರುವುದಿಲ್ಲ. ಅದರ ಸುತ್ತ ಗೋಡೆ ಕಟ್ಟಿ, ಉಸಿರುಗಟ್ಟಿಸಿ, ಕಪ್ಪು ಗಂಟು ಮಾಡಿಬಿಡುತ್ತದೆ. ಆದರೆ ಕಡಜದ ಮೊಟ್ಟೆಗೆ ಮಾತ್ರ ಏನೂ ಮಾಡದು. ಯಾಕೆ ಎಂಬುದು ಮೇಡಂ ಹಿಡಿದ ಪ್ರಶ್ನೆ.

ಒಂದು ಮಧ್ಯಾಹ್ನ ಅವರು ಹೆಣ್ಣು ಕಡಜವೊಂದನ್ನು ಕೊಯ್ದು, "ಮಂಜಪ್ಪನವರೇ, ಬನ್ನಿ, ನೋಡಿ" ಎಂದು ಸೂಕ್ಷ್ಮದರ್ಶಕ ಬಿಟ್ಟುಕೊಟ್ಟರು. ಅಂಡಾಶಯದ ತುದಿಯಲ್ಲಿ, ಮೊಟ್ಟೆಗಳು ಹೊರಡುವ ದಾರಿಯಲ್ಲಿ, ಒಂದು ಸಣ್ಣ ಚೀಲ. ಅದರ ತುಂಬ ರಸ. ರಸಕ್ಕೆ ನೀಲಿ ಬಣ್ಣ. ನವಿಲಿನ ಕುತ್ತಿಗೆಯನ್ನು ಓರೆಯಾಗಿ ನೋಡಿದಾಗ ಕಾಣುವಂಥ ನೀಲಿ. ಮೊಟ್ಟೆಗಳೆಲ್ಲ ಆ ನೀಲಿಯಲ್ಲಿ ಮುಳುಗಿ ಕೂತಿದ್ದವು. ಉಳಿ ಹಿಡಿದ ಮನೆಯಲ್ಲಿ ಬೆಳೆದವನು ನಾನು, ನಯವಾದ ಕೆಲಸ ಕಂಡರೆ ಸೋಲುವವನು. ಅಂಥ ಕೆಲಸವನ್ನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆ ಚೀಲವನ್ನು ಮೇಡಂ ದೊಡ್ಡ ಊರಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಳಿಸಿದರು. ಚಿತ್ರಗಳು ಬಂದವು. ರಸದ ತುಂಬ ರಾಗಿ ಸುರಿದ ಹಾಗೆ ವೈರಸ್ಸಿನ ಕಣಗಳು. ಚಿತ್ರಗಳ ಜೊತೆಗೆ ಅವರ ಗೈಡಿನ ಪತ್ರವೂ ಬಂತು. ನಿಮ್ಮ ಕಡಜಗಳಿಗೆ ವೈರಸ್ ರೋಗ ತಗಲಿದೆ, ರೋಗದ ಕಡಜಗಳ ಮೇಲೆ ಮಾಡಿದ ಕೆಲಸಕ್ಕೆ ಬೆಲೆಯಿಲ್ಲ, ಎಲ್ಲವನ್ನೂ ಸುಟ್ಟು ಬೇರೆ ಕಡೆಯ ಆರೋಗ್ಯವಂತ ಕಡಜಗಳಿಂದ ಮೊದಲಿಂದ ಶುರು ಮಾಡಿ ಎಂದು. ಗೈಡು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಆದರೆ ಮೇಡಂ ಅವರ ನೋಂದಣಿ ಒಂದು ಸಲ ವಿಸ್ತರಣೆಯಾಗಿತ್ತು. ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಮತ್ತೆ ಸಿಗಬೇಕಾದರೆ ಗೈಡು ಒಪ್ಪಿ ಬರೆಯಬೇಕು. ಇಲ್ಲವಾದರೆ ಅಷ್ಟು ವರ್ಷಗಳ ಕೆಲಸ ನೀರಿನಲ್ಲಿ ಹೋಮ.

ಮೇಡಂ ಪತ್ರ ಮಡಚಿಟ್ಟು ಕೇಳಿದರು: "ರೋಗ ಬಂದವರು ಸೊರಗಬೇಕಲ್ವಾ ಮಂಜಪ್ಪನವರೇ? ಇವು ನಮ್ಮ ಪೆಟ್ಟಿಗೇಲಿ ಹಿಂಡುಗಟ್ಟಲೆ ಹುಟ್ತಾ ಇವೆ. ರೋಗ ಅಂದ್ರೆ ಒಬ್ಬರಿಗೆ ಬರುತ್ತೆ, ಇನ್ನೊಬ್ಬರಿಗೆ ಬಿಡುತ್ತೆ. ನೀಲಿ ಇಲ್ಲದ ಒಂದೇ ಒಂದು ಹೆಣ್ಣು ಕಡಜ ಎಲ್ಲಾದ್ರೂ ಸಿಕ್ಕಿದ್ರೆ ಸರ್ ಹೇಳಿದ್ದೇ ಸರಿ. ಸಿಗದೇ ಇದ್ರೆ?"

ಸಿಗುತ್ತದೋ ಇಲ್ಲವೋ ಎಂದು ಹೊರಟೆವು. ಭಾನುವಾರ ಬಂತೆಂದರೆ ಬಸ್ಸು. ಮೊದಲು ತೀರ್ಥಹಳ್ಳಿ ತಾಲೂಕಿನದೇ ಅರಳಸುರಳಿ, ಆಮೇಲೆ ಹೊಸನಗರ ತಾಲೂಕಿನ ಗದ್ದೆಗಳು, ಕೊನೆಗೆ ಸಾಗರದಾಚೆ ಕೆಳದಿ. ಮೇಡಂ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆಸರಿಗೆ ಇಳಿಯುತ್ತಿದ್ದರು. ಬಿಳಿ ಉಂಡೆಗಳನ್ನು ಎಲೆ ಸಮೇತ ಚಿವುಟಿ, ಲಾಟೀನಿನ ಗಾಜಿನೊಳಗೆ ಇಟ್ಟು, ಎರಡೂ ಬಾಯಿಗೆ ತೆಳು ಬಟ್ಟೆ ಕಟ್ಟಿಕೊಂಡು ತರುತ್ತಿದ್ದೆವು. ಹೊಸನಗರದ ಕಡೆ ಒಂದು ಗದ್ದೆ, ಅಣೆಕಟ್ಟಿನ ಮುಳುಗಡೆಗೆ ಗುರುತಾದದ್ದು. ಬದುವಿನ ಮೇಲೆ ಕೂತಿದ್ದ ಯಜಮಾನ ನಮ್ಮ ಗಾಜುಗಳನ್ನು ನೋಡಿ, "ಭಾಳ ಚಲೋ ಆತು ಬಿಡಿ. ನಮಗೆ ಎದ್ಹೋಗಿ ಅಂತ ನೋಟೀಸು, ಹುಳಕ್ಕೆ ಕರ್ಕಂಡು ಹೋಗಾಕೆ ಜನ, ಬಸ್ಸು" ಅಂದ. ಆಮೇಲೆ ಅವನೇ ಎದ್ದು ಬಂದು, ಹೆಚ್ಚು ಉಂಡೆಗಳಿದ್ದ ಮೂಲೆ ತೋರಿಸಿದ.

ಒಂದು ವಾರಕ್ಕೆ ಉಂಡೆಗಳಿಂದ ಕಡಜಗಳು ಹಾರಿದವು. ಒಂದೊಂದೇ ಹೆಣ್ಣನ್ನು ಮೇಡಂ ಕೊಯ್ದರು. ಅರಳಸುರಳಿಯದು ನೀಲಿ. ಹೊಸನಗರದ್ದು ನೀಲಿ. ಕೆಳದಿಯದೂ ನೀಲಿ. ನೀಲಿ ತಪ್ಪಿದ ಒಂದು ಕಡಜ ಮೂರು ತಾಲೂಕಿನಲ್ಲಿ ನಮಗೆ ಸಿಗಲಿಲ್ಲ.

ಕೆಳದಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದ್ದರು. ಹೊರದೇಶದ ಪತ್ರಿಕೆಗಳಲ್ಲಿ ಇಂಥ ಗುಮಾನಿ ಆಗಷ್ಟೇ ಕಾಣಿಸಿಕೊಳ್ಳುತ್ತಿತ್ತಂತೆ. ಅವು ನಮ್ಮಲ್ಲಿಗೆ ತಲುಪುವಷ್ಟರಲ್ಲಿ ಹಳತಾಗಿರುತ್ತಿದ್ದವು. ಈ ವೈರಸ್ಸು ಹೊರಗಿನಿಂದ ಅಂಟುವುದಲ್ಲ, ಹುಟ್ಟುವಾಗಲೇ ಕಡಜದ ಜೊತೆಗಿರುತ್ತದೆ. ಎಂದೋ ಒಂದು ಕಾಲಕ್ಕೆ ರೋಗವಾಗಿ ಬಂದದ್ದು, ಹೋಗದೆ, ಕಡಜದ ವಂಶದೊಳಗೇ ಸೇರಿಕೊಂಡಿರಬೇಕು.

ನನಗೆ ನಮ್ಮ ಕಡೆಯ ಪದ್ಧತಿಯೊಂದು ನೆನಪಾಯಿತು. "ಮೇಡಂ, ನಮ್ಮಲ್ಲಿ ಚೌಡಿ ಕಾಟ ಕೊಟ್ರೆ ಓಡ್ಸೋದಿಲ್ಲ. ಬೇಲಿ ಬದಿ ಒಂದು ಕಲ್ಲು ನೆಟ್ಟು, ಇಲ್ಲಿರು ತಾಯಿ ಅಂತ ನೆಲೆ ಕೊಡ್ತೀವಿ. ಆಮೇಲೆ ಅದೇ ಚೌಡಿ ಮನೆ ಮಕ್ಳನ್ನ ಕಾಯ್ತಾಳೆ. ಹಂಗಾ?"

ಮೇಡಂ ತಲೆಯಾಡಿಸಿದರು. "ಹಾಗೇ. ಆದ್ರೆ ಇಲ್ಲಿ ಕಲ್ಲು ಬೇಲಿ ಬದೀಲಿಲ್ಲ ಮಂಜಪ್ಪನವರೇ. ಮನೆ ಗೋಡೆ ಒಳಗೇ ಇಟ್ಟು ಕಟ್ಟಿಬಿಟ್ಟಿದ್ದಾರೆ. ಈಗ ಕಿತ್ರೆ ಮನೇನೇ ಬೀಳುತ್ತೆ."

ಆ ದಿನದ ಊಹೆ ಎಷ್ಟು ಸರಿಯಾಗಿತ್ತೆಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಈಗ ವಿಜ್ಞಾನಿಗಳು ಕಡಜದ ವಂಶವಾಹಿಗಳನ್ನೆಲ್ಲ ಓದಿ ನೋಡಿಬಿಟ್ಟಿದ್ದಾರೆ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಈ ಕಡಜಗಳ ಮೂಲ ಅಜ್ಜಿಯೊಬ್ಬಳ ಮೈಗೆ ಒಂದು ವೈರಸ್ಸು ಹೊಕ್ಕಿತು. ಅದರ ವಂಶವಾಹಿಗಳು ಅವಳ ವಂಶವಾಹಿಗಳ ನಡುವೆ ಸೇರಿಹೋದವು. ಅಲ್ಲಿಂದ ಮಗಳಿಗೆ, ಮಗನಿಗೆ, ಮೊಮ್ಮಕ್ಕಳಿಗೆ ಇಳಿಯುತ್ತ ಬಂದು, ಇಂದು ಸಾವಿರಾರು ಜಾತಿಯ ಕಡಜಗಳಲ್ಲಿ ಇವೆ. ವೈರಸ್ಸಿನ ಕವಚ ಮಾಡುವ ವಿದ್ಯೆಯೆಲ್ಲ ಈಗ ಕಡಜದ ಕೈಯಲ್ಲಿ. ಆ ವಿದ್ಯೆಯನ್ನು ಕಡಜ ಕವಚದೊಳಗೆ ಇಟ್ಟು ಹೊರಗೆ ಕಳಿಸುವುದಿಲ್ಲ. ಒಳಗೆ ತುಂಬುವುದು ತನಗೆ ಬೇಕಾದ ಸಾಮಾನು ಮಾತ್ರ: ಹುಳುವಿನ ಮೈಕಾವಲನ್ನು ಮಲಗಿಸುವಂಥದು. ಕಣಗಳು ಹುಳುವಿನೊಳಗೆ ಹೋಗಿ ಆ ಕೆಲಸ ಮಾಡುತ್ತವೆ, ಅಲ್ಲಿ ಸಂತಾನ ಬೆಳೆಸುವುದಿಲ್ಲ. ವೈರಸ್ಸು ತಾನಾಗಿ ಈಗ ಎಲ್ಲಿಗೂ ಹೋಗಲಾರದು. ಅದಿಲ್ಲದೆ ಈ ಕಡಜದ ಮಕ್ಕಳು ಬದುಕಲಾರವು. ಕೊಲ್ಲಲು ಬಂದದ್ದನ್ನು ಮಕ್ಕಳ ಕಾವಲಿಗೆ ಹಾಕಿಕೊಂಡ ಈ ಎಳ್ಳುಕಾಳಿನ ಗಾತ್ರದ ಜೀವವನ್ನು ನೆನೆದರೆ ನನಗೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ.

ಆದರೆ ಆಗ ನಮ್ಮ ಕೈಯಲ್ಲಿದ್ದದ್ದು ಊಹೆ ಮಾತ್ರ. ಮೂರು ತಾಲೂಕಿನ ಫಲಿತಾಂಶ ಬರೆದು ಕಳಿಸಿದರೆ ಗೈಡು ಉತ್ತರಿಸಿದರು: ಎಲ್ಲ ಕಡೆ ಕಂಡಿತೆಂದರೆ ರೋಗ ಎಲ್ಲ ಕಡೆ ಹಬ್ಬಿದೆ ಎಂದೂ ಹೇಳಬಹುದು, ಆ ರಸದಿಂದ ಕಡಜಕ್ಕೆ ಉಪಕಾರವಿದೆಯೆಂದು ತೋರಿಸಿ, ನಾನೇ ಬಂದು ನೋಡುತ್ತೇನೆ.

ತೋರಿಸುವ ದಾರಿ ಮೇಡಂ ಯೋಚಿಸಿದರು. ಕಡಜ ಮಾಡುವುದನ್ನು ನಾವು ಕೈಯಿಂದ ಮಾಡಬೇಕು. ಹೆಣ್ಣಿನಿಂದ ಮೊಟ್ಟೆ ತೆಗೆದು, ಗಾಜಿನ ಸೂಜಿಯಿಂದ ಹುಳುವಿನ ಮೈಗೆ ಹಾಕಬೇಕು. ಕಡಜ ಊರುವಾಗ ಕೊಂಡಿಯ ವಿಷವೂ ಹೋಗುತ್ತದಾದ್ದರಿಂದ ಪ್ರತಿ ಸೂಜಿಗೂ ಅದರ ಒಂದಿಷ್ಟು ಸೇರಿಸಬೇಕು. ಹಾಗೆ ಹಾಕಿದ ಮೊಟ್ಟೆ ಬದುಕಿತೆಂದು ಮೊದಲು ಖಾತ್ರಿಯಾಗಬೇಕು. ಆಮೇಲೆ ನೀಲಿ ರಸ ತೆಗೆದು ಹಾಕಿ ನೋಡಬೇಕು. ಅಂಥ ಸೂಜಿ ಅಂಗಡಿಯಲ್ಲಿ ಸಿಗದು. ಸ್ಪಿರಿಟ್ ದೀಪದ ಮೇಲೆ ಗಾಜಿನ ಕೊಳವೆ ಕಾಯಿಸಿ, ಮೆದುವಾದ ಗಳಿಗೆ ನೋಡಿ ಎಳೆದರೆ ಕೂದಲಿನಂಥ ನಳಿಗೆ ಬರುತ್ತದೆ. ಅದರ ತುದಿಯನ್ನು ಓರೆಯಾಗಿ ಮುರಿಯಬೇಕು. ಅಜ್ಜನ ಕೈ ನನ್ನ ಕೈಯೊಳಗಿತ್ತು. ಎರಡೇ ದಿನದಲ್ಲಿ ಸೂಜಿ ಎಳೆಯುವುದು ಕೈವಶವಾಯಿತು. ಮೊಟ್ಟೆ ತುಂಬುವುದನ್ನು ಮೇಡಂ ಒಂದು ಸಲ ತೋರಿಸಿಕೊಟ್ಟರು. ಅವರು ಪಾಠಕ್ಕೆ ಹೋಗುತ್ತಿದ್ದರು, ನಾನು ಸೂಜಿ ತುಂಬಿ ಇಡುತ್ತಿದ್ದೆ, ಅವರು ಬಂದು ಹುಳುಗಳಿಗೆ ಚುಚ್ಚುತ್ತಿದ್ದರು.

ಮೂರು ದಿನ ಬಿಟ್ಟು ಹುಳು ಕೊಯ್ದರೆ ಒಳಗೆ ಬರೀ ಕಪ್ಪು ಗಂಟು. ಮತ್ತೆ ಮಾಡಿದೆವು, ಮತ್ತೆ ಕಪ್ಪು. ಮೂರು ವಾರ ಹೀಗೇ ಕಳೆಯಿತು. ಮೇಡಂ ಹುಳುಗಳ ಎಲೆ ಬದಲಿಸಿದರು, ದೀಪ ಬದಲಿಸಿದರು, ತಮ್ಮ ಕೈಯನ್ನೇ ಬೈದುಕೊಂಡರು. "ನಾನು ತೋರಿಸಿದ ಹಾಗೇ ತುಂಬ್ತಿದೀರಲ್ಲ?" ಎಂದು ಒಮ್ಮೆ ಕೇಳಿದರು. "ಹಾಗೇ ಮೇಡಂ" ಎಂದೆ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲೇ ಇಲ್ಲ. ಕಪ್ಪು ಗಂಟಿನ ಹುಳುಗಳನ್ನೆಲ್ಲ ಚೀಟಿ ಹಚ್ಚಿ ಫಾರ್ಮಲಿನ್ ಸೀಸೆಗಳಲ್ಲಿ ಸಾಲಾಗಿ ಇಟ್ಟರು. ಒಂದು ಸಂಜೆ ಆ ಸಾಲಿನ ಮುಂದೆ ನಿಂತು, "ಸರ್‌ಗೆ ಬರಬೇಡಿ ಅಂತ ಬರೆದುಬಿಡ್ತೀನಿ" ಎಂದರು. ದನಿಯಲ್ಲಿ ಅಳು ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾದದ್ದು.

ಹೊಸ ಕಡಜ ಬೇಕಾದರೆ ಕೊಯ್ಲಿಗೆ ಮುಂಚೆ ತರಬೇಕಿತ್ತು. ಕೊನೆಯ ಸಲವೆಂದು ಕೆಳದಿಗೆ ಹೋದೆವು. ಅಲ್ಲಿ ನಮಗೆ ಗದ್ದೆ ಬಿಟ್ಟುಕೊಟ್ಟಿದ್ದವರು ಬಂಗಾರಮ್ಮ, ಐವತ್ತೈದರ ಗಟ್ಟಿ ಹೆಂಗಸು. ಗೇಣಿಗೆ ಮಾಡುತ್ತಿದ್ದ ಗದ್ದೆ ಭೂಸುಧಾರಣೆಯಲ್ಲಿ ಅವರದೇ ಆಗಿತ್ತು. ಅದರ ಒಂದೊಂದು ಬುಡವನ್ನೂ ಮಾತಾಡಿಸಿ ಬರುವವರು. ಮರುದಿನ ಭೂಮಿ ಹುಣ್ಣಿಮೆ. ತುಂಬಿದ ಗದ್ದೆಯನ್ನು ಬಸುರಿಯೆಂದು ತಿಳಿದು ಬಯಕೆ ಊಟ ಬಡಿಸುವ ಹಬ್ಬ. ಅಂಗಳದಲ್ಲಿ ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಬಂಗಾರಮ್ಮ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತ ಕೂತಿದ್ದರು. ಪಕ್ಕದಲ್ಲಿ ಒಂದು ಮೊರ. ಮೊರದ ತುಂಬ ನಮ್ಮ ಬಿಳಿ ಉಂಡೆಗಳು.

"ಬನ್ನಿ ಅಕ್ಕೋರೆ. ನಾಳೆ ಬಯಕೆ ಉಣ್ಣೋಳ ಮೈಮೇಲೆ ಹುಳದ ಮೊಟ್ಟೆ ಇರಬಾರ್ದು ಅಂತ ಬೆಳಿಗ್ಗಿಂದ ಸೊಸೇರೆಲ್ಲ ಸೇರಿ ಆರ್ಸೀವಿ. ಬಚ್ಚಲೊಲೆಗೆ ಹಾಕಾದು ಒಂದು ಬಾಕಿ."

ಮೇಡಂ ಮೊರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟರು. "ಬಂಗಾರಮ್ಮ, ಇದು ಹುಳದ ಮೊಟ್ಟೆ ಅಲ್ಲ. ಹುಳ ತಿನ್ನೋ ಕಡಜದ್ದು. ನೀವು ಸುಡೋದು ನಿಮ್ಮ ಕಾವಲುಗಾರರನ್ನ."

"ಹೌದಾ? ಕಾವಲಿಗೆ ಅಂತ ಇಷ್ಟು ಜನ ಇದ್ರೂ ನಮ್ಮ ಮೂಲೆಗದ್ದೆ ಹುಳ ಮೇದು ಹೋತಲ್ಲ. ಸಂಬಳ ಸಾಲ್ದೇನ ಅವ್ಕೆ" ಎಂದು ನಕ್ಕರು ಬಂಗಾರಮ್ಮ. ಆದರೂ ಮೊರ ಬಿಟ್ಟುಕೊಟ್ಟರು. ಮೇಡಂ ಮುಖ ನೋಡಿ, "ಎಂಥ ಆತು, ಬಾಳ ಸೊರಗಿದೀರಿ" ಎಂದರು.

ಮೇಡಂ ಜಗುಲಿಯ ಮೇಲೆ ಕೂತು ಎಲ್ಲ ಹೇಳಿದರು. ತಾಯಿ ಕಡಜ ಮೊಟ್ಟೆ ಇಟ್ಟರೆ ಹುಳು ಸಾಕುತ್ತದೆ, ಅದೇ ಮೊಟ್ಟೆಯನ್ನು ನಾವಿಟ್ಟರೆ ಕೊಲ್ಲುತ್ತದೆ, ಕಾರಣ ಗೊತ್ತಾಗುತ್ತಿಲ್ಲ ಎಂದು. ಬಂಗಾರಮ್ಮ ಕಡ್ಡಿ ಕೆಳಗಿಡದೆ ನನ್ನತ್ತ ತಿರುಗಿ, "ನೀನು ಹೆಂಗೆ ಹಾಕ್ತೀಯ ಮಂಜಣ್ಣ?" ಎಂದರು.

ನನಗೆ ಹೆಮ್ಮೆಯ ವಿಷಯ. "ತಾಯಿ ಹೊಟ್ಟೆಯಿಂದ ತೆಗಿತೀನಿ ಅಕ್ಕ. ಮೈಗೆಲ್ಲ ಅಂಟು ಇರುತ್ತೆ. ಉಪ್ಪುನೀರಲ್ಲಿ ಚೆನ್ನಾಗಿ ಮೂರು ನೀರು ತೊಳೆದು, ಮುತ್ತಿನ ಹಂಗೆ ಮಾಡಿ, ಆಮೇಲೆ ಸೂಜಿಗೆ ತುಂಬ್ತೀನಿ."

ಬಂಗಾರಮ್ಮನ ಕೈ ನಿಂತಿತು. "ತೊಳೆದು? ಅಲ್ಲ ಮಾರಾಯ, ಮಗಳನ್ನ ಗಂಡನ ಮನೆಗೆ ಕಳ್ಸಾವಾಗ ತಾಯಿ ಮಡ್ಲಕ್ಕಿ ಕಟ್ಟಿ ಕಳಸ್ತಾಳೆ. ಗೊತ್ತಿಲ್ದ ಮನೆ, ಕೈಲಿ ಏನಾರ ಇರ್ಲಿ ಅಂತ. ನೀನು ಮಡ್ಲು ಜಾಡ್ಸಿ, ತೊಳೆದು, ಬರಿಗೈಲಿ ಕಳ್ಸೀಯ. ಅತ್ತೆ ಮನೇರು ಸುಮ್ನಿರ್ತಾರಾ?"

ಸೊಸೆಯರು ನಕ್ಕರು. ಮೇಡಂ ನಗಲಿಲ್ಲ. ನಿಧಾನಕ್ಕೆ ನನ್ನತ್ತ ತಿರುಗಿ, "ಮಂಜಪ್ಪನವರೇ, ತೊಳಿತಿದ್ರಾ?" ಎಂದರು.

"ಮೂರೇ ನೀರು ಮೇಡಂ."

"ಎಲ್ಲಾನೂ? ಮೊದಲ ದಿನದಿಂದ?"

"ಒಂದೂ ಬಿಟ್ಟಿಲ್ಲ ಮೇಡಂ. ತೊಳೀದೆ ಹೆಂಗೆ ಕೊಡೋದು ನಿಮ್ಮ ಕೈಗೆ."

ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ. ಬರಲಿಲ್ಲ. ತಲೆ ಎತ್ತಿದರೆ ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಬಸ್ಸಿನಲ್ಲಿ ಅವರು ಬಿಡಿಸಿ ಹೇಳಿದ ಮೇಲೆ ನನಗೆ ತಿಳಿಯಿತು. ಮೂರು ವಾರದ ಸೀಸೆಗಳು ಸೋಲಲ್ಲ, ಪ್ರಯೋಗದ ಅರ್ಧ ಭಾಗ. ರಸ ತೆಗೆದರೆ ಮೊಟ್ಟೆ ಸಾಯುತ್ತದೆ ಎಂಬುದನ್ನು ನಾನು ಯಾರೂ ಹೇಳದೆಯೇ, ಇಪ್ಪತ್ತು ದಿನ, ಒಂದೂ ತಪ್ಪದೆ ಮಾಡಿ ತೋರಿಸಿದ್ದೆ. ಉಳಿದದ್ದು ತೊಳೆಯದೆ ಹಾಕುವುದು.

ತೊಳೆಯದೆ ಹಾಕಿದೆವು. ನನ್ನ ಕೈಗೆ ಅದು ಎಷ್ಟು ಹಿಂಸೆಯಾಯಿತೆಂದು ಹೇಳಲಾರೆ. ಅಂಟು ಮೆತ್ತಿದ ಮೊಟ್ಟೆಯನ್ನು ಹಾಗೇ ಸೂಜಿಗೆ ತುಂಬುವಾಗ ಅಜ್ಜಿ ಹಿಂದೆ ನಿಂತು ಗದರಿಸಿದ ಹಾಗಾಗುತ್ತಿತ್ತು. ಮೂರನೆಯ ದಿನ ಹುಳು ಕೊಯ್ದರೆ ಕಪ್ಪು ಗಂಟಿಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು, ಸೂಕ್ಷ್ಮದರ್ಶಕದಡಿ, ರಕ್ತದಲ್ಲಿ ಹೊರಳುತ್ತಿದ್ದವು. ತೊಳೆದ ಮೊಟ್ಟೆಗೆ ನೀಲಿ ರಸವನ್ನು ಮತ್ತೆ ಬೆರೆಸಿ ಹಾಕಿದರೆ ಅವೂ ಬದುಕಿದವು. ಮೇಡಂ ಗೈಡಿಗೆ ಬರೆದರು.

ಗೈಡು ಬಂದರು. ತೆಳ್ಳಗಿನ, ಮೆಲುಮಾತಿನ ಹಿರಿಯರು. ನಮ್ಮ ಸೀಸೆಗಳನ್ನು ಒಂದೊಂದಾಗಿ ನೋಡಿದರು. ಎಲ್ಲವನ್ನೂ ತಮ್ಮೆದುರು ಮತ್ತೆ ಮಾಡಿಸಿದರು. ಚುಚ್ಚಿದ ಹುಳುಗಳ ತಟ್ಟೆಗಳನ್ನು ತಾವೇ ಹಿಂದೆಮುಂದೆ ಮಾಡಿ, ಯಾವುದು ತೊಳೆದದ್ದು, ಯಾವುದು ಅಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೋಟಿನ ಜೇಬಿನಲ್ಲಿಟ್ಟುಕೊಂಡರು. ನಮಗೆ ನಂಬರು ಮಾತ್ರ. ಮೂರು ದಿನ ತುಂಗೆಯ ದಂಡೆಯ ಪ್ರವಾಸಿ ಮಂದಿರದಲ್ಲಿ ಉಳಿದರು. ಮೇಡಂ ಆ ಮೂರು ದಿನ ಪಾಠ ಬಿಡಲಿಲ್ಲ. ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಹುಳುಗಳನ್ನು ಗೈಡೇ ಕೊಯ್ದರು. ಒಂದೆರಡು ಹುಳು ಸತ್ತಿದ್ದವು. ಮಿಕ್ಕವನ್ನು ಮೇಡಂ ನೋಡಿ ಹೇಳುತ್ತ ಹೋದರು: ತೊಳೆದದ್ದು, ತೊಳೆಯದ್ದು, ತೊಳೆಯದ್ದು, ತೊಳೆದದ್ದು. ಗೈಡು ಚೀಟಿ ತೆಗೆದು ಒಂದೊಂದಕ್ಕೂ ಗೀಟು ಹಾಕಿದರು. ಒಂದೂ ತಪ್ಪಿರಲಿಲ್ಲ. ಆಮೇಲೆ ನನ್ನತ್ತ ತಿರುಗಿ, "ಎಷ್ಟು ಸಲ ತೊಳೆದಿರಿ?" ಎಂದು ಕೇಳಿದರು. "ಮೂರು ನೀರು ಸಾರ್" ಎಂದೆ. ಅದನ್ನೂ ಬರೆದುಕೊಂಡರು.

ಆದರೂ ಅವರು ಒಪ್ಪಿದೆ ಎನ್ನಲಿಲ್ಲ. "ಇದು ಈ ಸೀಮೆಯ ಕಡಜಗಳ ವಿಶೇಷವೂ ಆಗಿರಬಹುದು, ವಿಶಾಲಾಕ್ಷಿ. ನನ್ನ ಹತ್ತಿರ ದೂರದ ಬಯಲುಸೀಮೆಯಿಂದ ತಂದ ಇದೇ ಜಾತಿ ಇದೆ. ಎಷ್ಟೋ ವರ್ಷದಿಂದ ಸಾಕಿದ್ದೇನೆ, ಆರೋಗ್ಯವಾಗಿವೆ. ಅವುಗಳ ಹೊಟ್ಟೆ ನಾನು ಯಾವತ್ತೂ ನೋಡಿಲ್ಲ. ನೋಡಿ ಬರೆಯುತ್ತೇನೆ." ಹೊರಡುವಾಗ ಬಾಗಿಲಲ್ಲಿ ನಿಂತು, "ನನಗೂ ಎರಡು ಡಜನ್ ಸೂಜಿ ಎಳೆದುಕೊಡಿ" ಎಂದರು ನನಗೆ. ಕೆತ್ತನೆಯ ಪೆಟ್ಟಿಗೆಯೊಂದರಲ್ಲಿ ಹತ್ತಿ ಹಾಸಿ ಕೊಟ್ಟೆ.

ಹತ್ತು ದಿನ ಏನೂ ಬರಲಿಲ್ಲ. ಡಿಸೆಂಬರ್ ನಡುವಿಗೆ ಬಂದಿತ್ತು. ಗದ್ದೆಗಳು ಕೊಯ್ಲಾಗಿ ಬರಿದಾಗಿದ್ದವು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಮೇಡಂ ಕಿಟಕಿಯತ್ತ ನೋಡುವುದನ್ನೂ ಬಿಟ್ಟಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ, ಮೊದಲ ಪಾಠಕ್ಕೆ ಕಪ್ಪೆ ತಟ್ಟೆಗಳನ್ನು ನಾನು ಜೋಡಿಸುತ್ತಿದ್ದಾಗ, ಒಂದು ಕಾರ್ಡು ಬಂತು. ಮೇಡಂ ಮೊಗಸಾಲೆಯಲ್ಲಿ ನಿಂತೇ ಓದಿದರು. ಎರಡನೆಯ ಸಲ ಓದಿದರು. ಆಮೇಲೆ ನನ್ನ ಒದ್ದೆ ಕೈಗೇ ಕೊಟ್ಟು, ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದರು.

ಕಾರ್ಡಿನಲ್ಲಿದ್ದುದು ಮೂರೇ ಸಾಲು: "ನನ್ನ ಕಡಜಗಳನ್ನು ಕೊಯ್ದು ನೋಡಿದೆ. ಎಲ್ಲವೂ ನೀಲಿ. ವಿಸ್ತರಣೆಗೆ ಬರೆದಿದ್ದೇನೆ, ನೀವು ಪ್ರಬಂಧ ಬರೆಯಲು ಕೂರಿ."